ಫ್ಯಾನಿಗೊಂದು ಚೀಟಿ

ಸಭೆಯಲ್ಲಿ ಕೂತವನು ಆಕಳಿಸಬಹುದು, ತೂಕಡಿಸಬಹುದು, ಮುಂದಿನವನ ಬೆನ್ನ ಮರೆಯಲ್ಲಿ ಕಡಲೆಕಾಯಿ ಸುಲಿಯಬಹುದು. ಅದರಿಂದ ಯಾರ ಸಂಸಾರವೂ ಕೆಟ್ಟದ್ದಿಲ್ಲ. ಕೈ ಮಾತ್ರ ಎತ್ತಬಾರದು. ಚೀಟಿಯಪ್ಪ ಎತ್ತಿದ.

ಚೀಟಿಯಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಪ್ಲಾಸ್ಟಿಕ್ ಬಕೆಟ್ಟು, ಮಗ್ಗು ಮಾಡುವ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ಸಹಾಯಕ ಗುಮಾಸ್ತ. ಸಹಿಯಾದ ಚೀಟಿ ಇಲ್ಲದೆ ಒಂದು ಮೊಳೆಯನ್ನೂ ಹೊರಗೆ ಬಿಟ್ಟವನಲ್ಲ. ಒಮ್ಮೆ ಸ್ಟೋರಿನ ಮೂಲೆಯಲ್ಲಿ ಹೊಗೆಯೆದ್ದು, ಮರಳಿನ ಬಕೆಟ್ಟಿಗೆ ಕಾವಲುಗಾರ ಓಡಿ ಬಂದಾಗ, "ಚೀಟಿ ಎಲ್ಲಿ?" ಎಂದು ಕೇಳಿದ್ದನಂತೆ. ಕಾವಲುಗಾರ ಚೀಟಿ ಬರೆಸಿಕೊಂಡು ಬರುವಷ್ಟರಲ್ಲಿ ಬೆಂಕಿಗೇ ಬೇಸರ ಬಂದು ಆರಿಹೋಯಿತು ಎಂದು ಕಾರ್ಖಾನೆಯಲ್ಲಿ ಈಗಲೂ ಹೇಳುತ್ತಾರೆ.

ಆ ತಿಂಗಳ ಕೊನೆಗೆ ಹಳೆಯ ಸ್ಟೋರ್‌ಕೀಪರ್ ನಿವೃತ್ತರಾಗುವವರಿದ್ದರು. ಆ ಜಾಗ ಸಿಕ್ಕರೆ ಏನು ಮಹಾ ಎಂದು ನೀವು ಕೇಳಬಹುದು. ಕೈಯಿರುವ ಕುರ್ಚಿ ಸಿಗುತ್ತದೆ. ಇಪ್ಪತ್ತೆರಡು ವರ್ಷ ಸ್ಟೂಲಿನ ಮೇಲೆ ಕೂತವನಿಗೆ ಕೈ, ಬೆನ್ನು ಎರಡೂ ಇರುವ ಕುರ್ಚಿ ಎಂದರೆ ಸಿಂಹಾಸನವೇ. ಸಂಜೆ ಬಂದು "ಬೆನ್ನು, ಬೆನ್ನು" ಎನ್ನುವ ಗಂಡನಿಗೆ ಎಣ್ಣೆ ತಿಕ್ಕಿ ಹೆಬ್ಬೆರಳು ಸವೆಸಿಕೊಂಡಿದ್ದ ಹೆಂಡತಿಗೂ ಆ ಕುರ್ಚಿಯ ಮೇಲೆ ಅಷ್ಟೇ ಆಸೆ. ಆದರೆ ಅದರ ಮೇಲೆ ಗೇಟಿನ ಗುಮಾಸ್ತನ ಕಣ್ಣೂ ಇತ್ತು. ಹೋಗಿ ಬರುವ ಗಾಡಿಗಳನ್ನು ಬರೆದಿಡುವುದು ಅವನ ಕೆಲಸ. ಗಾಡಿ ಕಂಡರೆ ಗೇಟು ತೆರೆಯುತ್ತಿದ್ದ. ಮ್ಯಾನೇಜರ್ ಸಾಹೇಬರ ಗಾಡಿ ಕಂಡರೆ ಗೇಟು ತೆರೆದು ಕಣ್ಣು ಮುಚ್ಚುತ್ತಿದ್ದ.

ಇಂಥ ಹೊತ್ತಿನಲ್ಲಿ ಪರಿಸರದ ಸಭೆ ಬಂತು. ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಪರಿಸರದ ಸಭೆಯೇ ಎಂದು ಹುಬ್ಬೇರಿಸಬೇಡಿ. ಹೊಟ್ಟೆ ತುಂಬಿದವನೇ ಅಲ್ಲವೇ ಉಪವಾಸದ ಮಹಿಮೆ ಹೇಳುವುದು?

"ಭೂಮಿ ಬಿಸಿ ಆಗ್ತಾ ಇದೆ!" ಎಂದು ಸಾಹೇಬರು ಗುಡುಗಿದರು. ಚೀಟಿಯಪ್ಪನಿಗೂ ಹಾಗೇ ಅನ್ನಿಸುತ್ತಿತ್ತು. ಬೇಸಿಗೆಯ ಮಧ್ಯಾಹ್ನ. ತಲೆಯ ಮೇಲಿನ ಫ್ಯಾನು ಒಂದು ಸುತ್ತು ತಿರುಗಿ, ಎರಡನೆಯದಕ್ಕೆ ಹೊರಡಬೇಕೋ ಬೇಡವೋ ಎಂದು ಯೋಚಿಸುತ್ತಿತ್ತು. ಸ್ವಿಚ್ಚಿನ ಪಕ್ಕ ಕೂತಿದ್ದ ಜವಾನನಿಗೆ "ಜೋರು ಮಾಡಪ್ಪಾ" ಎಂದು ಸನ್ನೆ ಮಾಡಲು ಚೀಟಿಯಪ್ಪ ಕೈ ಎತ್ತಿದ. ಅದೇ ಗಳಿಗೆಯಲ್ಲಿ ಸಾಹೇಬರು, "ನಿಮ್ಮಲ್ಲಿ ಯಾರ ಮನೆ ಪೂರ್ತಿ ಪರಿಸರಸ್ನೇಹಿ?" ಎಂದು ಕೇಳಿದ್ದರು.

ಇನ್ನೂರು ಜನರ ಸಭೆಯಲ್ಲಿ ಒಂದೇ ಒಂದು ಕೈ ಮೇಲಿತ್ತು.

"ನೋಡಿ!" ಎಂದರು ಸಾಹೇಬರು. "ಇವರನ್ನ ನೋಡಿ ಕಲೀರಿ! ಸ್ಟೋರಿನ ಕೀಲಿ ಇಂಥವರ ಕೈಯಲ್ಲಿ ಇರಬೇಕು. ಮೂರು ವಾರ ಬಿಟ್ಟು ಭಾನುವಾರ ನಾವೆಲ್ಲ ಇವರ ಮನೆಗೇ ಹೋಗಿ ನೋಡೋಣ."

ಚಪ್ಪಾಳೆ ಬಿತ್ತು. ಫ್ಯಾನು ಮಾತ್ರ ಹಾಗೇ ಇತ್ತು.

ಸಂಜೆ ವಿಷಯ ಕೇಳಿದ ಹೆಂಡತಿ, ಹಿಡಿದಿದ್ದ ಲೋಟ ಕೆಳಗಿಟ್ಟಳು.

"ನಮ್ಮನೆ? ಪರಿಸರಸ್ನೇಹಿ? ಇರುವೆ, ಜಿರಲೆ, ಹಲ್ಲಿ ಎಲ್ಲದರ ಜೊತೆ ಸ್ನೇಹದಿಂದ ಇದ್ದೀವಿ ಅಂತ ಹೇಳಿದ್ರಾ?"

"ಫ್ಯಾನಿಗೆ ಎತ್ತಿದ ಕೈ ಕಣೇ ಅದು."

"ಇಳಿಸಬಹುದಿತ್ತಲ್ಲ?"

"ಚಪ್ಪಾಳೆ ಬಿದ್ದ ಮೇಲೆ ಕೈ ಇಳಿಸೋಕಾಗುತ್ತೇನೇ? ಕುರ್ಚಿ ಹೋಗುತ್ತೆ!"

ಒಳಕೋಣೆಯಿಂದ ಅತ್ತೆಯ ದನಿ ಬಂತು. "ಅಳಿಯಂದ್ರು ಕೈ ಎತ್ತಿದ್ದಕ್ಕೆ ಈ ಗತಿ. ಸದ್ಯ, ಎದ್ದು ನಿಂತುಕೊಳ್ಳಲಿಲ್ಲ."

ಅತ್ತೆಯದು ಎಪ್ಪತ್ತರ ವಯಸ್ಸು. ಮೊಣಕಾಲು ಕೈಕೊಟ್ಟಿತ್ತು, ನಾಲಿಗೆ ಕೈಕೊಟ್ಟಿರಲಿಲ್ಲ.

ಸಾಹೇಬರು ಒಂದು ಪುಸ್ತಕವನ್ನೂ ದಯಪಾಲಿಸಿದ್ದರು: ಇರುವ ಮನೆಯನ್ನೇ ಪರಿಸರಸ್ನೇಹಿ ಮಾಡಿಕೊಳ್ಳುವ ಬಗೆ. ಬರೆದವರು ವರ್ಷದಲ್ಲಿ ಏಳು ತಿಂಗಳು ಹಿಮ ಬೀಳುವ ದೇಶದವರು, ಬರೆದದ್ದು ಅಲ್ಲಿಯವರಿಗಾಗಿ. ಮುನ್ನುಡಿಯ ಮೊದಲ ಸಾಲಿನಲ್ಲೇ ಅದನ್ನು ಹೇಳಿದ್ದರು. ಆದರೆ ಮಾಲಿನ ಜೊತೆ ಬಂದ ಪತ್ರ ಓದುವ ಅಭ್ಯಾಸ ಸ್ಟೋರಿನಲ್ಲಿಲ್ಲ. ಪಟ್ಟಿ ನೋಡು, ಎಣಿಸು, ಒಳಗಿಡು. ಚೀಟಿಯಪ್ಪ ಮುನ್ನುಡಿ ಹಾರಿಸಿ ಪಟ್ಟಿಗೆ ಹೋದ. ಪಟ್ಟಿಯ ಮೊದಲ ಸಾಲು: ‘ಮನೆಯ ಶಾಖ ಹೊರಗೆ ಸೋರದಂತೆ ಎಲ್ಲ ಸಂದುಗಳನ್ನೂ ಮುಚ್ಚಿ.’

ಮರುದಿನ ಬಡಗಿ ಬಂದ. ಕಿಟಕಿ ಬಾಗಿಲುಗಳ ಸಂದಿಗೆಲ್ಲ ರಬ್ಬರ್ ಪಟ್ಟಿ ಬಡಿದು ಕಿಟಕಿಗಳನ್ನು ಸ್ಕ್ರೂ ಹಾಕಿ ಭದ್ರ ಮಾಡಬೇಕೆಂದು ಕೇಳಿ ಅವನು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿದ.

"ಸಾರ್, ಗಾಳಿ?"

"ಗಾಳಿ ಆಡಿದ್ರೆ ಶಾಖ ಹೊರಗೆ ಹೋಗುತ್ತಪ್ಪ."

"ಹೋಗ್ಲಿ ಅಂತ ಅಲ್ವಾ ಸಾರ್ ಎಲ್ರೂ ಕಿಟಕಿ ಇಡ್ಸೋದು?"

"ನೀನು ಪುಸ್ತಕ ಓದಿದ್ದೀಯಾ?"

"ಇಲ್ಲ ಸಾರ್. ಕಿಟಕಿ ಮಾಡಿದ್ದೀನಿ."

ಪುಸ್ತಕ ಓದದವನ ಜೊತೆ ಏನು ವಾದ? ಸಂಜೆಯೊಳಗೆ ಏಳು ಕಿಟಕಿ, ಎರಡು ಬಾಗಿಲು ಭದ್ರವಾದವು. ಮುಂಬಾಗಿಲು ಎಷ್ಟು ಬಿಗಿಯಾಯಿತೆಂದರೆ, ತೆರೆಯಲು ಒಳಗಿನಿಂದ ಒಬ್ಬರು ತಳ್ಳಬೇಕು, ಹೊರಗಿನಿಂದ ಒಬ್ಬರು ಎಳೆಯಬೇಕು. ಸ್ವಂತ ಮನೆಯಿಂದ ಹೊರಬರಲು ಚೀಟಿಯಪ್ಪ ದಾರಿಹೋಕರ ನೆರವು ಕೇಳುವಂತಾಯಿತು. ಅಟ್ಟದ ಹಳೆಯ ಹಾಸಿಗೆಗಳನ್ನು ಬಿಚ್ಚಿ, ತಾರಸಿಯ ಕೆಳಗೆ ಹಲಗೆ ಹೊಡೆಸಿ ಹತ್ತಿ ತುಂಬಿಸಿದ. ಮನೆಗೆ ಹೊದಿಕೆ ಹೊದಿಸಿದಂತಾಯಿತು. ಹೊರಗೆ ಬೇಸಿಗೆ ಬೆಂಕಿ ಉಗುಳುತ್ತಿತ್ತು. ಒಳಗೆ ಅಡುಗೆ ಒಲೆಯ ಶಾಖ, ಮೂರು ಮೈಗಳ ಶಾಖ, ಒಂದಿಷ್ಟೂ ಸೋರದೆ ಶಿಸ್ತಾಗಿ ಶೇಖರವಾಗುತ್ತಿತ್ತು.

ಮೂರನೆಯ ದಿನ ಹೆಂಡತಿ ಮುನ್ನುಡಿ ಓದಿದಳು.

"ರೀ, ಇದು ಹಿಮ ಬೀಳೋ ದೇಶದವರಿಗಂತೆ!"

"ಮುನ್ನುಡಿ ಮಾಲಿನ ಭಾಗ ಅಲ್ಲ ಕಣೇ."

"ಹಿಮ ಎಲ್ರೀ ನಮ್ಮಲ್ಲಿ?"

"ಸಾಹೇಬರು ಕೊಟ್ಟ ಪುಸ್ತಕ. ಹಿಮ ಬೀಳದಿದ್ರೆ ಅದು ಹಿಮದ ತಪ್ಪು."

ಪಟ್ಟಿಯಲ್ಲಿ ಮುಂದಿನದು ಪ್ಲಾಸ್ಟಿಕ್ಕು. ಹನ್ನೆರಡು ವರ್ಷದಿಂದ ನೀರು ಹೊತ್ತಿದ್ದ ಬಕೆಟ್ಟು, ಡಬ್ಬಿಗಳು, ಕೂರುವ ಮಣೆ ಎಲ್ಲವನ್ನೂ ಚೀಟಿಯಪ್ಪ ಬೀದಿಯ ಕಸದ ತೊಟ್ಟಿಗೆ ಸಾಗಿಸಿದ. ಅವುಗಳ ಬದಲಿಗೆ ಬಿದಿರಿನ ಹಲ್ಲುಜ್ಜುವ ಕಡ್ಡಿ, ಮರದ ಬಾಚಣಿಗೆ, ತೆಂಗಿನ ನಾರಿನ ಉಜ್ಜುಗ, ಗೋಣಿನಾರಿನ ಚೀಲಗಳು ಮನೆಗೆ ಬಂದವು. ಒಂದೊಂದೂ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಥರ್ಮಾಕೋಲಿನಲ್ಲಿ ಕೂರಿಸಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಬಂದದ್ದು.

ಬೀದಿಗೆ ಹೊರಟ ಬಕೆಟ್ಟನ್ನು ಅತ್ತೆ ಬಾಗಿಲಲ್ಲೇ ತಡೆದಿದ್ದರು.

"ಅಳಿಯಂದ್ರೇ, ಇದು ಹನ್ನೆರಡು ವರ್ಷ ಬಚ್ಚಲಲ್ಲಿ ತೆಪ್ಪಗೆ ಕೂತಿತ್ತು. ಪರಿಸರಕ್ಕೆ ಏನು ಮಾಡ್ತು?"

"ಅದು ಪ್ಲಾಸ್ಟಿಕ್, ಅತ್ತೆ."

"ಎಸೆದ ಮೇಲೆ ಏನಾಗುತ್ತೆ? ಮರ ಆಗುತ್ತಾ?"

ಚೀಟಿಯಪ್ಪ ಬಕೆಟ್ಟು ಹಿಡಿದು ಬೀದಿಗೆ ನಡೆದ. ಸ್ಟೋರಿನ ಪುಸ್ತಕದಲ್ಲಿ ಇರುವುದು ಮೂರೇ ಕಾಲಮ್ಮು: ಬಂದದ್ದು, ಹೋದದ್ದು, ಉಳಿದದ್ದು. ‘ಹೋದದ್ದು’ ಎಂದು ಬರೆದ ಮೇಲೆ ಅದು ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಜಗತ್ತೂ ಬಹುಮಟ್ಟಿಗೆ ಇದೇ ಪದ್ಧತಿಯಲ್ಲಿ ನಡೆದುಕೊಂಡು ಹೋಗುತ್ತಿದೆ.

ಕೊನೆಯ ಸಾಲು ಹೀಗಿತ್ತು: ‘ವಿದ್ಯುತ್ತು, ನೀರು ಹಿಡಿತದಲ್ಲಿರಲಿ. ಹೇಗೆ ಎನ್ನುವುದು ನಿಮ್ಮ ಜಾಣ್ಮೆಗೆ ಬಿಟ್ಟದ್ದು.’ ಜಾಣ್ಮೆ ಎಂಬ ಪದ ಓದಿದೊಡನೆ ಚೀಟಿಯಪ್ಪನ ಕೈ ಚೀಟಿಪುಸ್ತಕಕ್ಕೆ ಹೋಯಿತು. ಸ್ಟೋರಿನ ನಿಯಮ ಮನೆಗೆ ಬಂತು. ದೀಪ, ಫ್ಯಾನು, ಒಂದು ಕೊಡಕ್ಕಿಂತ ಹೆಚ್ಚು ನೀರು, ಏನು ಬೇಕಾದರೂ ಚೀಟಿ ಬರೆಯಬೇಕು: ಬೇಕಾದ ವಸ್ತು, ಪ್ರಮಾಣ, ಕಾರಣ. ಅದಕ್ಕೆ ಹೆಂಡತಿ ಸಹಿ ಹಾಕಬೇಕು, ಏಕೆಂದರೆ ಅವಳು ವಿಭಾಗದ ಮುಖ್ಯಸ್ಥೆ. ಆಮೇಲೆ ಚೀಟಿಯಪ್ಪ ಪರಿಶೀಲಿಸಿ ಕೊಡುತ್ತಾನೆ. ಫ್ಯಾನಿನ ರೆಗ್ಯುಲೇಟರಿನ ತಿರುಗಣಿಯನ್ನು ಬಿಚ್ಚಿ ಅವನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡ.

ಹೆಂಡತಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಹತ್ತಿರ ಬಂದು, "ಆ ಕುರ್ಚಿ ಸಿಗುತ್ತೆ ಅಂತಾದ್ರೆ ಭಾನುವಾರದವರೆಗೆ ಬೇಯ್ತೀನಿ. ಸೋಮವಾರ ಕಿಟಕಿ ತೆಗೀದಿದ್ರೆ ನಿಮ್ಮನ್ನೇ ಬೇಯಿಸ್ತೀನಿ" ಎಂದಳು. ಸಂಸಾರದಲ್ಲಿ ಇದಕ್ಕೆ ಸಹಕಾರ ಎನ್ನುತ್ತಾರೆ.

ಅತ್ತೆ ಮಾತ್ರ ನಿಯಮವನ್ನು ಕಣ್ಣಿಗೊತ್ತಿಕೊಂಡು ಪಾಲಿಸಿದರು. ಮೊದಲ ದಿನವೇ ಹದಿನಾಲ್ಕು ಚೀಟಿ. ಒಂದರಲ್ಲಿ, ‘ವಸ್ತು: ಗಾಳಿ. ಪ್ರಮಾಣ: ಅರ್ಧ ಕಿಟಕಿ. ಕಾರಣ: ಉಸಿರಾಟ, ಹಳೇ ಚಾಳಿ.’ ಚೀಟಿಯಪ್ಪ ಗಂಭೀರವಾಗಿ ಕೆಂಪು ಶಾಯಿಯಲ್ಲಿ ‘ದಾಸ್ತಾನಿಲ್ಲ’ ಎಂದು ಬರೆದು ವಾಪಸು ಕಳಿಸಿದ. ಮುಂದಿನ ಚೀಟಿ ಬಂತು: ‘ವಸ್ತು: ಅಳಿಯಂದಿರ ಬುದ್ಧಿ. ಪ್ರಮಾಣ: ಇದ್ದಷ್ಟು. ಕಾರಣ: ನೋಡಿ ವಾಪಸು ಕೊಡಲು.’ ಅದಕ್ಕೂ ಅವನು ಅಭ್ಯಾಸಬಲದಿಂದ ‘ದಾಸ್ತಾನಿಲ್ಲ’ ಎಂದೇ ಬರೆದುಬಿಟ್ಟ. ಅತ್ತೆ ಆ ಚೀಟಿಯನ್ನು ಮಡಚಿ ಸೊಂಟದ ಚೀಲದಲ್ಲಿ ಜೋಪಾನ ಮಾಡಿದರು.

ಇಷ್ಟೆಲ್ಲ ಪಕ್ಕದ ಮನೆಯ ನಿವೃತ್ತ ಹೆಡ್‌ಮೇಷ್ಟ್ರ ಕಣ್ಣಿಗೆ ಬೇರೆಯೇ ಆಗಿ ಕಂಡಿತು. ಕಿಟಕಿಗಳಿಗೆ ಪಟ್ಟಿ. ಒಳಗೆ ಕತ್ತಲೆ. ಹಾಸಿಗೆಗಳನ್ನು ಬಿಚ್ಚಿದ್ದಾರೆ, ಬಕೆಟ್ಟು ಪಾತ್ರೆಗಳನ್ನು ಬೀದಿಗೆ ಹಾಕಿದ್ದಾರೆ. ಗೋಡೆಯ ಪಕ್ಕ ಚೀಟಿಯಪ್ಪ ಕಸವನ್ನು ಗೊಬ್ಬರ ಮಾಡಲು ಇಟ್ಟ ಡ್ರಮ್ಮಿನಿಂದ ಹೇಳಲಾಗದ ವಾಸನೆ. ಮೇಷ್ಟ್ರು ನಲವತ್ತು ವರ್ಷ ಮಕ್ಕಳಿಗೆ ಕೂಡುವ ಲೆಕ್ಕ ಹೇಳಿಕೊಟ್ಟವರು. ಎಲ್ಲವನ್ನೂ ಕೂಡಿದರು. ಅಂಟುರೋಗ ಎಂಬ ಉತ್ತರ ಬಂತು.

ಬೀದಿಯ ಜನ ಎದುರು ಬದಿಗೆ ದಾಟಿ ನಡೆಯತೊಡಗಿದರು. ಪೇಪರಿನವನು ಪೇಪರನ್ನು ಹತ್ತು ಮಾರು ದೂರದಿಂದ ಎಸೆದ. ನಂತರ ಆರೋಗ್ಯ ಇನ್‌ಸ್ಪೆಕ್ಟರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದರು; ಮೇಷ್ಟ್ರು ಅವರ ಹಿಂದೆ, ಒಂದು ಕೈಯಲ್ಲಿ ಮೂಗು, ಇನ್ನೊಂದರಲ್ಲಿ ಕೊಡೆ.

"ಬಾಗಿಲು ತೆಗೀರಿ!"

"ನೀವು ಎಳೀರಿ!" ಎಂದರು ಒಳಗಿನಿಂದ ಅತ್ತೆ. ಮಗಳು, ಅಳಿಯ ಇಬ್ಬರೂ ಹೊರಗೆ ಹೋಗಿದ್ದರು.

"ಒಳಗೆ ಎಷ್ಟು ಜನ ಇದ್ದೀರಮ್ಮ?"

"ಒಬ್ಬಳು. ನೀವು ಬೇಗ ಎಳೆದ್ರೆ ಒಬ್ಬಳು. ತಡ ಮಾಡಿದ್ರೆ ಅದೂ ಹೇಳೋಕಾಗಲ್ಲ."

ಇನ್‌ಸ್ಪೆಕ್ಟರು ಗಾಬರಿಯಿಂದ ಎಳೆದರು, ಮೇಷ್ಟ್ರು ಇನ್‌ಸ್ಪೆಕ್ಟರನ್ನು ಎಳೆದರು. ಬಾಗಿಲು ಬಾಟಲಿಯ ಬಿರಡೆಯಂತೆ ‘ಟಪ್’ ಎಂದು ತೆರೆದು, ಒಳಗಿನ ಶಾಖ ಮುಖಕ್ಕೆ ಬಡಿಯಿತು. ಇನ್‌ಸ್ಪೆಕ್ಟರು ಅತ್ತೆಯ ಹಣೆ ಮುಟ್ಟಿ ನೋಡಿದರು.

"ಜ್ವರ ಇದೆ!"

"ಗೋಡೆ ಮುಟ್ಟಿ ನೋಡಿ," ಎಂದರು ಅತ್ತೆ. "ಅದಕ್ಕೆ ಇನ್ನೂ ಜಾಸ್ತಿ ಇದೆ."

ಗೋಡೆ, ಬೀರು, ನೀರಿನ ಕೊಡ ಎಲ್ಲಕ್ಕೂ ಜ್ವರವಿದೆ ಎಂದು ಖಾತ್ರಿಯಾದ ಮೇಲೆ ಇನ್‌ಸ್ಪೆಕ್ಟರು, ‘ರೋಗವಿಲ್ಲ. ಪರಿಸರ ಪ್ರೇಮ. ಔಷಧವಿಲ್ಲ’ ಎಂದು ಬರೆದುಕೊಂಡು ಹೋದರು. ಹೆಡ್‌ಮೇಷ್ಟ್ರಿಗೆ ಉತ್ತರ ತಪ್ಪಿದ್ದು ಅದೇ ಮೊದಲು. ಅವರು ಒಂದು ವಾರ ಬೀದಿಗೆ ಮುಖ ತೋರಿಸಲಿಲ್ಲ.

ಅಂತೂ ಭಾನುವಾರ ಬಂತು. ಕಾರ್ಖಾನೆಯಿಂದ ಚೀಟಿಯಪ್ಪನ ಮನೆಗೆ ನಡೆದರೆ ಹತ್ತು ನಿಮಿಷ. ಪರಿಸರ ನೋಡಲು ಹೊರಟ ಹನ್ನೆರಡು ಜನರು ನಾಲ್ಕು ಕಾರಿನಲ್ಲಿ ಬಂದರು. ಡ್ರೈವರುಗಳು ಒಳಗಿನ ತಂಪು ಹೋಗಬಾರದೆಂದು ಇಂಜಿನ್ ನಿಲ್ಲಿಸದೆ ಬೀದಿಯಲ್ಲೇ ಕಾದರು. ಸಾಹೇಬರ ಕೈಯಲ್ಲಿ ಹೊಳೆಯುವ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಹೂಗುಚ್ಛವಿತ್ತು. ಗೇಟಿನ ಗುಮಾಸ್ತ ಅವರ ಹಿಂದೆ ನೀರಿನ ಬಾಟಲಿಗಳ ಪೆಟ್ಟಿಗೆ ಹೊತ್ತು ನಿಂತಿದ್ದ.

ಹದಿನಾಲ್ಕು ಜನ ಒಂದು ಕೋಣೆಯಲ್ಲಿ ಕೂತರು; ಹೆಂಡತಿ ಅಡುಗೆಮನೆ ಸೇರಿದಳು. ಬಾಗಿಲು ‘ಟಪ್’ ಎಂದು ಮುಚ್ಚಿತು.

ಚೀಟಿಯಪ್ಪ ವಿವರಿಸತೊಡಗಿದ. ರಬ್ಬರ್ ಪಟ್ಟಿ, ಹತ್ತಿಯ ಹೊದಿಕೆ, ನಾರಿನ ಉಜ್ಜುಗ. ಮೊದಲ ಐದು ನಿಮಿಷ "ಭೇಷ್", "ಅದ್ಭುತ" ಎಂಬ ಮಾತುಗಳು ಬಂದವು. ಎಂಟನೇ ನಿಮಿಷಕ್ಕೆ ಮಾತು ನಿಂತು, ಹತ್ತನೇ ನಿಮಿಷಕ್ಕೆ ಸಾಹೇಬರ ಅಂಗಿ ಬೆನ್ನಿಗೆ ಅಂಟಿತು. ಲೆಕ್ಕಪತ್ರದ ವಿಭಾಗದವರು ಕಣ್ಣು ಮುಚ್ಚಿದರು. ಅದು ಧ್ಯಾನವೋ ಮೂರ್ಛೆಯೋ ತಿಳಿಯುವಂತಿರಲಿಲ್ಲ.

"ಎಲ್ಲ ಚೆನ್ನಾಗಿದೆ," ಎಂದರು ಸಾಹೇಬರು. "ಸ್ವಲ್ಪ... ಫ್ಯಾನ್ ಹಾಕ್ತೀರಾ?"

ಚೀಟಿಯಪ್ಪನ ಮುಖ ಅರಳಿತು. ಇದೇ ಗಳಿಗೆಗೆ ಅವನು ಕಾದಿದ್ದ. ಚೀಟಿಪುಸ್ತಕವನ್ನೂ ಪೆನ್ನನ್ನೂ ತಟ್ಟೆಯಲ್ಲಿಟ್ಟು ಸಾಹೇಬರ ಮುಂದೆ ಹಿಡಿದ.

"ಚೀಟಿ ಬರೀಬೇಕು ಸರ್."

ಯಾರೋ ನಕ್ಕರು. ಚೀಟಿಯಪ್ಪ ನಗಲಿಲ್ಲ. ನಕ್ಕವರು ನಿಲ್ಲಿಸಿದರು. ಸಾಹೇಬರು ‘ಫ್ಯಾನ್’ ಎಂದು ಗೀಚಿ ಸಹಿ ಮಾಡಿದರು.

"ಪ್ರಮಾಣ ಬರೆದಿಲ್ಲ ಸರ್. ಕಾರಣ ಬರೆದಿಲ್ಲ."

"ಸೆಖೆ ಕಣ್ರೀ!"

"ಅದನ್ನೇ ಬರೀರಿ ಸರ್. ಆಮೇಲೆ ವಿಭಾಗದ ಮುಖ್ಯಸ್ಥರ ಸಹಿ."

ವಿಭಾಗದ ಮುಖ್ಯಸ್ಥೆ ಅಡುಗೆಮನೆಯಿಂದ ಓಡಿಬಂದು ಓದದೆಯೇ ಸಹಿ ಹಾಕಿದಳು. ಸಾಧ್ಯವಿದ್ದರೆ ಅವಳು ಇಪ್ಪತ್ತು ಚೀಟಿಗೆ ಒಟ್ಟಿಗೇ ಸಹಿ ಹಾಕುತ್ತಿದ್ದಳು. ಚೀಟಿಯಪ್ಪ ಕನ್ನಡಕ ಏರಿಸಿ ಪರಿಶೀಲಿಸಿ, ಜೇಬಿನಿಂದ ತಿರುಗಣಿ ತೆಗೆದು ಸಿಕ್ಕಿಸಿ, ಏಳು ನಿಮಿಷದ ಫ್ಯಾನು ಮಂಜೂರು ಮಾಡಿದ. ಗಾಳಿ ಬಂತು. ಬಿಸಿಯಾಗಿಯೇ ಬಂತು, ಆದರೂ ಬಂತು. ಹನ್ನೆರಡು ಜನ ಸತ್ತು ಬದುಕಿದವರಂತೆ ಮುಖ ಮೇಲೆತ್ತಿದರು.

ಸಾಹೇಬರು ಈಗ ನಿಜವಾಗಿಯೂ ನಕ್ಕರು. "ಇದಪ್ಪ ಶಿಸ್ತು ಅಂದ್ರೆ! ಸ್ಟೋರಿಗೆ ಇಂಥವರೇ ಬೇಕು!"

ಹೆಂಡತಿ ಬಾಗಿಲ ಮರೆಯಲ್ಲಿ ಹೆಬ್ಬೆರಳು ನೀವಿಕೊಂಡಳು. ಕುರ್ಚಿ ಕೈಗೆ ಬಂದೇ ಬಿಟ್ಟಿತು. ಅಲ್ಲಿಗೆ ಚೀಟಿಯಪ್ಪ ಸುಮ್ಮನಿದ್ದಿದ್ದರೆ ಈ ಕಥೆ ಸುಖಾಂತ. ಆದರೆ ಗೆದ್ದವನು ಸುಮ್ಮನಿದ್ದದ್ದನ್ನು ಯಾರು ಕಂಡಿದ್ದಾರೆ?

"ಸ್ಟೋರಲ್ಲೂ ಹೀಗೇ ಇರ್ತೀನಿ ಸರ್!" ಎಂದ ಅವನು ಎದೆಯುಬ್ಬಿಸಿ. "ಯಾರೇ ಬರಲಿ. ನಾಳೆ ನಿಮ್ಮ ಮನೆಗೇ ಒಂದು ಬಲ್ಬು ಬೇಕು ಅಂತ ನೀವೇ ಬಂದ್ರೂ, ಚೀಟಿ ಇಲ್ಲದೆ ಕೊಟ್ರೆ ಕೇಳಿ! ಬಲ್ಬು, ಪೇಂಟು, ಪೈಪು, ಏನೇ ಇರ್ಲಿ!"

ಲೆಕ್ಕಪತ್ರದವರು ನೆಲದ ಮೇಲಿನ ಇರುವೆಯೊಂದನ್ನು ತೀವ್ರ ಆಸಕ್ತಿಯಿಂದ ನೋಡತೊಡಗಿದರು. ಇನ್ನೊಬ್ಬರಿಗೆ ಕೆಮ್ಮು ಬಂತು. ಗೇಟಿನ ಗುಮಾಸ್ತ ಒಂದು ಬಾಟಲಿಯ ಮುಚ್ಚಳ ತೆರೆದು, ಸದ್ದಿಲ್ಲದೆ, ಯಾವ ಚೀಟಿಯನ್ನೂ ಕೇಳದೆ ಸಾಹೇಬರ ಕೈಗಿತ್ತ. ಸಾಹೇಬರು ಅದನ್ನೊಮ್ಮೆ ನೋಡಿದರು, ಅವನನ್ನೊಮ್ಮೆ ನೋಡಿದರು. ಕುಡಿದರು.

"ಹೊರಡೋಣ," ಎಂದರು.

ಮಂಗಳವಾರ ಕಾರ್ಖಾನೆಯಲ್ಲಿ ಮತ್ತೊಂದು ಸಭೆಯಾಯಿತು. ಚೀಟಿಯಪ್ಪನನ್ನು ವೇದಿಕೆಗೆ ಕರೆದು, ‘ಪರಿಸರ ವೀರ’ ಎಂಬ ಪ್ರಶಸ್ತಿಪತ್ರ ಕೊಟ್ಟರು. ದಪ್ಪ ಕಾಗದದ ಮೇಲೆ ಹಸಿರು ಎಲೆಯ ಚಿತ್ರ, ಅದು ಹಾಳಾಗಬಾರದೆಂದು ಎರಡೂ ಕಡೆ ಪ್ಲಾಸ್ಟಿಕ್ ಹೊದಿಕೆ. ಚಪ್ಪಾಳೆ ನಿಲ್ಲುವ ಮುಂಚೆ ಸಾಹೇಬರು ಅದೇ ಉಸಿರಿನಲ್ಲಿ ಗೇಟಿನ ಗುಮಾಸ್ತನನ್ನು ಹೊಸ ಸ್ಟೋರ್‌ಕೀಪರ್ ಎಂದು ಸಾರಿದರು. ಎರಡು ಚಪ್ಪಾಳೆ ಒಂದರಲ್ಲೇ ಮುಗಿದವು. ಉಳಿತಾಯ ಎಂದರೆ ಇದು.

ಚೀಟಿಯಪ್ಪ ಮನೆಗೆ ಬಂದಾಗ ಬಡಗಿ ಸ್ಕ್ರೂ ಬಿಚ್ಚುತ್ತಿದ್ದ. ಹೆಂಡತಿ ಸೋಮವಾರ ಎಂದಿದ್ದಳು. ಬಡಗಿಗೆ ಬಿಡುವಾದದ್ದು ಮಂಗಳವಾರ. ವಿಷಯ ಕೇಳಿ ಅವಳು ಎಣ್ಣೆಯ ಬಟ್ಟಲು ತರಲು ಒಳಗೆ ಹೋದಳು.

"ಶಿಸ್ತು ಅಂತ ಅವರೇ ಹೊಗಳಿದ್ರಲ್ಲ ಅತ್ತೆ," ಎಂದ ಚೀಟಿಯಪ್ಪ, ಕೂತಲ್ಲೇ ಕುಸಿದು. "ಆಮೇಲೆ ಏನಾಯ್ತು?"

"ಬಲ್ಬಿನ ಮಾತು ಬಂತು," ಎಂದರು ಅತ್ತೆ. "ಅಲ್ಲೀವರೆಗೆ ಧಾರಾಕಾರ ಬೆವರುತ್ತಿದ್ದ ಮನುಷ್ಯ. ನೀವು ಬಲ್ಬು, ಪೇಂಟು ಅಂದ್ರಿ ನೋಡಿ, ಬೆವರು ನಿಂತೇ ಹೋಯ್ತು. ಸೆಖೆಗೆ ಬೆವರೋರದು ಹಾಗೆ ನಿಲ್ಲಲ್ಲ. ಭಯಕ್ಕೆ ಮಾತ್ರ ಮೈ ತಣ್ಣಗಾಗೋದು. ನಿಮ್ಮ ಸ್ಟೋರಲ್ಲಿ ಬಲ್ಬು ಯಾವತ್ತೂ ಕಮ್ಮಿ ಬಿದ್ದಿಲ್ವಾ?"

"ಪ್ರತಿ ತಿಂಗಳೂ ಬೀಳುತ್ತೆ. ಹಳೇ ಸ್ಟೋರ್‌ಕೀಪರ್ರು ‘ಇಲಿ ಕಾಟ’ ಅಂತ ಬರೆಸ್ತಿದ್ರು."

"ಪೇಂಟು?"

"ಅದೂ ಇಲಿ."

"ಇಪ್ಪತ್ತೆರಡು ವರ್ಷ ಬರೆದ್ರಲ್ಲ ಅಳಿಯಂದ್ರೇ, ಡಬ್ಬಿ ಸಮೇತ ಪೇಂಟು ತಿನ್ನೋ ಇಲಿ ಹೇಗಿರುತ್ತೆ ಅಂತ ಒಂದು ದಿನವೂ ನೋಡಬೇಕು ಅನ್ನಿಸಲಿಲ್ವಾ?"

ಭಾನುವಾರ ಆ ಇಲಿ ತನ್ನ ಮನೆಗೇ ನಾಲ್ಕು ಕಾರಿನಲ್ಲಿ ಬಂದು, ಹೂಗುಚ್ಛ ಕೊಟ್ಟು, ಚೀಟಿ ಬರೆದು ಹೋದದ್ದು ಚೀಟಿಯಪ್ಪನಿಗೆ ನಿಧಾನವಾಗಿ ಹೊಳೆಯಿತು.

ಅಷ್ಟರಲ್ಲಿ ಕರೆಂಟು ಹೋಯಿತು. ಬಡಗಿ ಇನ್ನೂ ಒಂದೇ ಕಿಟಕಿ ಬಿಚ್ಚಿದ್ದ. ಅತ್ತೆ ಕೈ ಚಾಚಿ ಅಳಿಯನ ಮಡಿಲಿನಿಂದ ಪ್ರಶಸ್ತಿಪತ್ರವನ್ನು ಎತ್ತಿಕೊಂಡರು. ಮಡಚಲು ನೋಡಿದರು, ಅದು ಬಗ್ಗಲಿಲ್ಲ. ಅಂಚು ಹಿಡಿದು ಬೀಸಿದರು. ಒಳ್ಳೆಯ ಗಾಳಿ ಬಂತು. ಮೊದಲು ತಮಗೆ, ನಂತರ ಎಣ್ಣೆ ಬಟ್ಟಲು ಹಿಡಿದು ಬಂದ ಮಗಳಿಗೆ, ಕೊನೆಗೆ ಅಳಿಯನ ಬೋಳುತಲೆಗೆ ಬೀಸಿದರು.

"ಗಟ್ಟಿ ಇದೆ. ಕರೆಂಟು ಬೇಡ, ಸದ್ದಿಲ್ಲ, ತೊಳೆದ್ರೆ ಹಾಳಾಗಲ್ಲ," ಎಂದರು ಅತ್ತೆ. "ಈ ಮೂರು ವಾರದಲ್ಲಿ ನೀವು ಮನೆಗೆ ತಂದ ಪರಿಸರಸ್ನೇಹಿ ವಸ್ತು ಇದೊಂದೇ."